ಓಬಿ ವ್ಯಾನ್ ಹೊರಟ ಮೇಲೆ

ಟಿವಿ ವರದಿಗಾರ್ತಿಯಾಗಿ ಶಿವಾಜಿನಗರದಿಂದ ಕೆ.ಆರ್.ಪುರದವರೆಗೆ ಓಡಾಡುತ್ತಿದ್ದೀಯೆಂದು ಕೇಳಿ ಸಂತೋಷವಾಯಿತು. ನಿನ್ನ ಮಾತು ಚುರುಕು, ಕ್ಯಾಮೆರಾದ ಅಳುಕಿಲ್ಲ. ಎರಡೂ ಬೇಕು. ಆದರೆ ಓಬಿ ವ್ಯಾನ್ ಹೊರಟುಹೋದ ಮೇಲೂ ಅದೇ ಬೀದಿಗೆ ಮತ್ತೆ ಹೋಗುವವರು ಮಾತ್ರ ಈ ಕಸುಬಿನಲ್ಲಿ ಉಳಿಯುತ್ತಾರೆ, ಉಳಿದವರದು ಬರೀ ಮುಖಪರಿಚಯ.

2019ರ ಜೂನ್ ನೆನಪು ಮಾಡಿಕೋ. ಐಎಂಎ ಎಂಬ ಹೂಡಿಕೆ ಸಂಸ್ಥೆಯ ಮಾಲೀಕ ಮನ್ಸೂರ್ ಖಾನ್ ಒಂದು ಆಡಿಯೊ ಹರಿಯಬಿಟ್ಟು ದುಬೈಗೆ ಹಾರಿದ್ದ. ಶಿವಾಜಿನಗರದ ಲೇಡಿ ಕರ್ಜನ್ ರಸ್ತೆಯ ಕಚೇರಿ ಎದುರು ಠೇವಣಿದಾರರು, ಅವರೆದುರು ಚಾನೆಲ್‌ಗಳ ಮೈಕುಗಳು. ಜುಲೈನಲ್ಲಿ ಆತ ದೆಹಲಿಯಲ್ಲಿ ಸಿಕ್ಕಿಬಿದ್ದ, ಆಮೇಲೆ ತನಿಖೆ ಎಸ್‌ಐಟಿಯಿಂದ ಸಿಬಿಐಗೆ ಹೋಯಿತು, ಕ್ಯಾಮೆರಾಗಳು ಬೇರೆ ಬ್ರೇಕಿಂಗ್ ಹುಡುಕಿಕೊಂಡವು. ಕಳೆದ ದುಡ್ಡಿಗಾಗಿ ಅರ್ಜಿ ಹಿಡಿದು ವರ್ಷಗಟ್ಟಲೆ ಕಾದವರ ಸುದ್ದಿಯನ್ನು ಇನ್‌ಪುಟ್ ಡೆಸ್ಕ್ ತಾನಾಗಿ ಕೇಳುವುದಿಲ್ಲ. ನೀನೇ ಜಗಳ ಮಾಡಿ ಬುಲೆಟಿನ್‌ಗೆ ಹತ್ತಿಸಬೇಕು. ಇನ್ನೊಂದು ಮಾತು: ಆ ಜೂನ್‌ಗೂ ತಿಂಗಳುಗಳ ಮೊದಲೇ ಠೇವಣಿದಾರರಿಗೆ ಲಾಭದ ಹಣ ಬರುವುದು ನಿಂತಿತ್ತು. ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಬೈಟ್ ಕೇಳದೆ ಚಹಾ ಕುಡಿಯುತ್ತ ಕೂರುವವರ ಕಿವಿಗೆ ಅದು ಬೀಳದೆ ಇರುತ್ತದೆಯೇ? ಅದಕ್ಕೇ ಹೇಳುವುದು, ನಾಲ್ಕು ಮಾತು ದಖ್ಖನಿ ಉರ್ದು ಕಲಿ. ಹಲಸೂರಿಗೆ ತಮಿಳು, ಕೆ.ಆರ್.ಪುರಕ್ಕೆ ತೆಲುಗು ಕೂಡ ಬೇಕಾದೀತು.

ಬೀದಿಯ ಹಳೆಯ ಗಾಯಗಳೂ ಗೊತ್ತಿರಲಿ. ಹಲಸೂರು ಕೆರೆ ಬಳಿಯ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಭಾಷೆಯ ಜಗಳದಿಂದಾಗಿ 1991ರಿಂದ ಮುಸುಕಿನಲ್ಲೇ ಇದ್ದು, ಅನಾವರಣಗೊಂಡಿದ್ದು 2009ರಲ್ಲಿ. ಅದನ್ನರಿಯದೆ ಅಲ್ಲಿ ನಿಂತು ಭಾಷೆಯ ಬಗ್ಗೆ ಕ್ಯಾಮೆರಾ ಮುಂದೆ ಆವೇಶದ ಪಿಟಿಸಿ ಕೊಟ್ಟರೆ ಏನಾಗಬಹುದೆಂದು ಯೋಚಿಸು. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ.ಹಳ್ಳಿಯಲ್ಲಿ ಗಲಭೆಯ ಬೆಂಕಿ ಎದ್ದಿತು, ಪೊಲೀಸರ ಗುಂಡಿಗೆ ಮೂವರು ಸತ್ತರು. ಅದೇ ರಾತ್ರಿ ಮುಸ್ಲಿಂ ಹುಡುಗರು ಕೈಕೈ ಹಿಡಿದು ದೇವಸ್ಥಾನವೊಂದಕ್ಕೆ ಕಾವಲು ನಿಂತರು. ಬೆಂಕಿಯ ವಿಜುವಲ್ಸ್ ನೂರು ಸಲ ತಿರುಗಿಸುವವರು ಈ ಕಾವಲನ್ನೂ ಅಷ್ಟೇ ಸಲ ತೋರಿಸಲಿ ಎಂದು ಡೆಸ್ಕಿಗೆ ಫೋನ್ ಹಚ್ಚುವ ಧೈರ್ಯ ನಿನಗಿರಬೇಕು.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ವೇಳೆ ಕಾಲ್ತುಳಿತವಾಗಿ 11 ಜನ ಸತ್ತರು, ಅವರಲ್ಲಿ ಕೆಲವರ ಶವ ಬೌರಿಂಗ್ ಆಸ್ಪತ್ರೆಗೆ ಬಂತು. ಅಂಥ ಬಾಗಿಲಲ್ಲಿ ನಿಂತಾಗ ‘ಹೇಗನಿಸುತ್ತಿದೆ?’ ಎಂದು ಮಾತ್ರ ಯಾರನ್ನೂ ಕೇಳಬೇಡ. ಮಗನನ್ನು ಕಳೆದುಕೊಂಡ ತಾಯಿಗೆ ಹೇಗನಿಸುತ್ತದೆಂದು ನೋಡುವವರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು, ಕ್ರೀಡಾಂಗಣದ ಗೇಟಿನ ಬಳಿ ಎಷ್ಟು ಪೊಲೀಸರಿದ್ದರು, ಅನುಮತಿ ಕೊಟ್ಟವರು ಯಾರು ಎಂಬುದು. ಅದನ್ನು ಕೇಳಬೇಕಾದದ್ದು ಅಧಿಕಾರಿಗಳನ್ನು, ಮಾರ್ಚುರಿ ಮುಂದೆ ಕೂತವರನ್ನಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮುಖ ಮಸುಕು ಮಾಡಿದರೆ ಸಾಲದು. ಮನೆ, ಶಾಲೆ, ನೆರೆಹೊರೆ ಯಾವುದೂ ಗುರುತು ಸಿಗಬಾರದೆಂದು ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಗಲ್ಲಿಯ ವಾಕ್ ಥ್ರೂ ಮಾಡುವಾಗ ಇದನ್ನು ಮರೆಯುವವರೇ ಹೆಚ್ಚು.

ಇನ್ನು ಮನೆ ಮಾತು. ಮಳೆ ಬಂದರೆ, ಗಲಾಟೆಯಾದರೆ, ಹಬ್ಬವಿದ್ದರೆ ಎಲ್ಲರೂ ಮನೆಗೆ ಓಡುತ್ತಾರೆ, ನೀನು ಹೊರಗೆ ಓಡುತ್ತೀಯ. ನಿನ್ನನ್ನು ಮದುವೆಯಾಗುವವನಿಗೆ ಇದನ್ನು ಮೊದಲೇ ಹೇಳು, ಆಮೇಲೆ ಅರ್ಥ ಮಾಡಿಕೊಳ್ಳುತ್ತಾನೆ ಎಂದು ಬಿಡಬೇಡ. ಶವಾಗಾರದಿಂದ ಬಂದ ರಾತ್ರಿ ನಿದ್ದೆ ಬಾರದಿದ್ದರೆ ಗಟ್ಟಿಗಿತ್ತಿ ಎನಿಸಿಕೊಳ್ಳಲು ಹೋಗದೆ ಯಾರ ಹತ್ತಿರವಾದರೂ ಬಾಯಿ ಬಿಡು, ಬೇಕಾದರೆ ವೈದ್ಯರನ್ನು ನೋಡು. ನಿನ್ನ ಜೊತೆಗಿದ್ದ ಕ್ಯಾಮೆರಾಮನ್ ಅದನ್ನೇ ಇನ್ನೂ ಹತ್ತಿರದಿಂದ ಕಂಡಿರುತ್ತಾನೆ, ಅವನನ್ನೂ ವಿಚಾರಿಸು. ಸಂಬಳಕ್ಕಿಂತ ದೊಡ್ಡ ಇಎಂಐ ಹೊತ್ತುಕೊಳ್ಳಬೇಡ, ತಪ್ಪು ಸುದ್ದಿ ಓದು ಎಂದಾಗ ‘ಆಗಲ್ಲ ಸಾರ್’ ಎನ್ನಲು ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡಿರಬೇಕು. ವಾರದ ರಜೆಯನ್ನು ಕೇಳಿ ತಗೋ, ಆ ದಿನ ಅಮ್ಮನ ಫೋನ್ ಮೊದಲ ರಿಂಗಿಗೇ ಎತ್ತು.