ಅಪ್‌ಡೇಟು ಅರ್ಧಕ್ಕೆ ನಿಂತ ಕಂಪ್ಯೂಟರು: ಮೊದಲು ಮಾಡಬೇಕಾದದ್ದು, ಮಾಡಬಾರದ್ದು

ಕಳೆದ ಆಷಾಢದ ಒಂದು ಸೋಮವಾರ ಬೆಳಿಗ್ಗೆ ನಮ್ಮ ಸಂಘದ ಕಚೇರಿಯ ಗಣಕಯಂತ್ರ ಏಳಲಿಲ್ಲ. ಶನಿವಾರ ಸಂಜೆ ಗುಮಾಸ್ತರು ಕೆಲಸ ಮುಗಿಸಿ ಯಂತ್ರ ಆರಿಸುವಾಗ ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಎಂಬುದನ್ನು ಒತ್ತಿ, ಬಾಗಿಲು ಹಾಕಿಕೊಂಡು ಹೋಗಿದ್ದರು. ಅವರು ಬಸ್ಸು ಹಿಡಿಯುವಷ್ಟರಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋಯಿತು. ಯು.ಪಿ.ಎಸ್. ಬ್ಯಾಟರಿ ನಾಲ್ಕು ವರ್ಷ ಹಳೆಯದು. ಐದು ನಿಮಿಷವೂ ತಡೆದಿರಲಾರದು. ಸೋಮವಾರ ಸ್ವಿಚ್ಚು ಹಾಕಿದರೆ ತಯಾರಕರ ಹೆಸರು ಕಾಣುತ್ತಿತ್ತು, ಚುಕ್ಕೆಗಳು ಸುತ್ತುತ್ತಿದ್ದವು, ಒಂದು ನೀಲಿ ಪರದೆ ಬಂದು ಮತ್ತೆ ಮೊದಲಿನಿಂದ ಅದೇ ಆಟ.

ಎರಡನೆಯ ಸಲದ ಔಷಧಿ ಸಿಂಪಡಣೆಗೆ ಮುಂಗಡ ಪಡೆಯಲು ಬಂದ ಸದಸ್ಯರು ಜಗುಲಿಯಲ್ಲಿ ಕೊಡೆ ಮಡಚಿ ಕುಳಿತಿದ್ದರು. ಯಾರ ಲೆಕ್ಕದಲ್ಲಿ ಎಷ್ಟು ಚಾಲಿ ಇದೆ, ಎಷ್ಟು ಮುಂಗಡ ಹೋಗಿದೆ ಎಂಬುದೆಲ್ಲ ಆ ಪೆಟ್ಟಿಗೆಯೊಳಗೆ. ಪೆನ್‌ಡ್ರೈವಿಗೆ ಕೊನೆಯದಾಗಿ ನಕಲು ತೆಗೆದು 23 ದಿನಗಳಾಗಿದ್ದವು. ಇದು ಗುಮಾಸ್ತರ ತಪ್ಪೆಂದು ನಾವು ಹೇಳುವುದಿಲ್ಲ. ವಾರಕ್ಕೊಮ್ಮೆ ನಕಲಾಯಿತೇ ಎಂದು ಕೇಳಬೇಕಾದವರು ನಾವೇ ಆಗಿದ್ದೆವು.

ಪೇಟೆಯಿಂದ ರಿಪೇರಿಯ ಹುಡುಗ ಬಂದ. ಹತ್ತು ನಿಮಿಷ ನೋಡಿ, “ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಒಂದು ಗಂಟೆ ಕೆಲಸ” ಎಂದ.

“ಒಳಗಿರುವ ಲೆಕ್ಕ?”

“ಅದು ಹೋಗ್ತದೆ ಸಾರ್. ಬ್ಯಾಕಪ್ ಇಟ್ಟಿಲ್ವಾ?”

ಎಲೆ ಹಳದಿಯಾಯಿತೆಂದು ಯಾರೂ ಅಡಿಕೆ ಮರವನ್ನೇ ಕಡಿಯುವುದಿಲ್ಲ. ನಾವು ಅವನಿಗೆ ಕಾಫಿ ಕೊಟ್ಟು ಕೂರಿಸಿ, ಬೇರೆ ದಾರಿ ಏನಿದೆಯೆಂದು ವಿಚಾರಿಸತೊಡಗಿದೆವು. ಅಂದಿನಿಂದ ಇಂದಿನವರೆಗೆ ಓದಿ, ಕೇಳಿ, ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ. ಸದಸ್ಯರಲ್ಲಿ ಅನೇಕರ ಮನೆಗಳಲ್ಲಿ ಈಗ ಕಂಪ್ಯೂಟರುಗಳಿವೆ, ತೋಟದ ಲೆಕ್ಕ, ಮಕ್ಕಳ ಓದು ಎಲ್ಲವೂ ಅದರಲ್ಲೇ ಇದೆ. ಹೆಚ್ಚಿನವು ವಿಂಡೋಸ್ ಯಂತ್ರಗಳಾದ್ದರಿಂದ ಅದರ ಮಾತನ್ನಷ್ಟೇ ಆಡುತ್ತೇವೆ.

ಅಪ್‌ಡೇಟು ನಡೆಯುವಾಗ ಆಗುವುದೇನು? ಯಂತ್ರವನ್ನು ನಡೆಸುವ ಮೂಲ ಕಡತಗಳು ಬಳಕೆಯಲ್ಲಿರುವಾಗ ಅವನ್ನು ಬದಲಿಸಲಾಗುವುದಿಲ್ಲ. ಆದ್ದರಿಂದ ಹೊಸ ಕಡತಗಳನ್ನು ಮೊದಲೇ ತಂದಿಟ್ಟುಕೊಂಡು, ಯಂತ್ರ ಆರುವಾಗ ಮತ್ತು ಪುನಃ ಏಳುವಾಗ ಹಳೆಯದರ ಜಾಗಕ್ಕೆ ಹೊಸದನ್ನು ಕೂರಿಸುತ್ತದೆ. ಒಂದು ಗೋದಾಮಿನಿಂದ ಇನ್ನೊಂದಕ್ಕೆ ಮೂಟೆ ಸಾಗಿಸುವಾಗ ಮಧ್ಯೆ ಕೆಲಸ ನಿಂತರೆ ಹೇಗೋ ಹಾಗೆ: ಅರ್ಧ ಮೂಟೆಗಳು ಅಲ್ಲಿ, ಅರ್ಧ ಇಲ್ಲಿ, ದಾಸ್ತಾನು ಪುಸ್ತಕದಲ್ಲಿ ಮೂರನೆಯದೇ ಲೆಕ್ಕ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕೆಟ್ಟಿರುವುದು ಪುಸ್ತಕ, ಅಡಿಕೆ ಅಲ್ಲ. ನಮ್ಮ ಲೆಕ್ಕದ ಕಡತಗಳಿಗೆ ಅಪ್‌ಡೇಟು ಸಾಮಾನ್ಯವಾಗಿ ಕೈಹಾಕುವುದೇ ಇಲ್ಲ. ಅವು ಬಹುಪಾಲು ಸುರಕ್ಷಿತವಾಗಿಯೇ ಇರುತ್ತವೆ. ಅವುಗಳ ನಾಶವಾಗುವುದು ಹೆಚ್ಚಾಗಿ ಆಮೇಲೆ, ರಿಪೇರಿಯ ಅವಸರದಲ್ಲಿ.

ಇದು ಹಳ್ಳಿಯ ಕಚೇರಿಗೆ ಮಾತ್ರ ಬರುವ ಕಷ್ಟವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪೆನಿಯ ರಕ್ಷಣಾ ತಂತ್ರಾಂಶಕ್ಕೆ ಬಂದ ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಳಿತುಬಿಟ್ಟವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಯಾರೂ ಫಾರ್ಮ್ಯಾಟ್ ಮಾಡಬೇಕಿರಲಿಲ್ಲ. ದೋಷವಿದ್ದ ಒಂದು ಕಡತವನ್ನು ಅಳಿಸಿದರೆ ಸಾಕಿತ್ತು. ಆದರೆ ಬಹಳ ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು ಅದನ್ನು ಮಾಡಬೇಕಾಯಿತು. ಡಿಸ್ಕಿಗೆ ಬೀಗ ಹಾಕಿದ ಯಂತ್ರಗಳಲ್ಲಂತೂ ಕೀಲಿಯನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಆ ಕೀಲಿಯ ವಿಷಯಕ್ಕೆ ಮುಂದೆ ಬರುತ್ತೇವೆ.

ಬೋರ್ಡೋ ದ್ರಾವಣ ಮಾಡುವಾಗ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು; ತಿರುವುಮುರುವಾದರೆ ಅದೇ ತುತ್ತ, ಅದೇ ಸುಣ್ಣ, ಆದರೆ ದ್ರಾವಣ ಕೆಡುತ್ತದೆ. ಇಲ್ಲಿಯೂ ಅನುಕ್ರಮವೇ ಮುಖ್ಯ. ಅಪಾಯವಿಲ್ಲದ ಕೆಲಸ ಮೊದಲು, ಅಪಾಯದ್ದು ಕೊನೆಗೆ.

ಎಲ್ಲಕ್ಕಿಂತ ಮೊದಲು ಕಾಯಬೇಕು. ಪರದೆಯ ಮೇಲೆ ಶೇಕಡಾ ಅಂಕಿಯೋ, ‘ಬದಲಾವಣೆಗಳನ್ನು ಹಿಂದಕ್ಕೆ ತೆಗೆಯಲಾಗುತ್ತಿದೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೋ ಇದ್ದರೆ ಯಂತ್ರ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತಿದೆಯೆಂದು ತಿಳಿಯಬೇಕು. ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಇದಕ್ಕೆ ಒಂದೆರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಡಿಸ್ಕಿನ ದೀಪ ಮಿಣುಕುತ್ತಿರುವವರೆಗೆ ಸ್ವಿಚ್ಚಿಗೆ ಕೈಹಾಕಬಾರದು. ಅನಂತರ ಪ್ರಿಂಟರು, ಪೆನ್‌ಡ್ರೈವು, ಸ್ಕ್ಯಾನರುಗಳನ್ನೆಲ್ಲ ಕಳಚಿ ಕೀಬೋರ್ಡು, ಮೌಸು ಮಾತ್ರ ಉಳಿಸಿ ಮತ್ತೊಮ್ಮೆ ಹಚ್ಚಿ ನೋಡಬೇಕು. ಸಿಕ್ಕಿಸಿ ಮರೆತ ಪೆನ್‌ಡ್ರೈವಿನಿಂದಲೇ ಯಂತ್ರ ಏಳದಿರುವುದೂ ಉಂಟು. ತಯಾರಕರ ಹೆಸರೇ ಪರದೆಗೆ ಬಾರದಿದ್ದರೆ ಅದು ಬಹುತೇಕ ಅಪ್‌ಡೇಟಿನ ತೊಂದರೆಯಲ್ಲ. ಸಿಡಿಲಿನಿಂದಲೋ ತೇವದಿಂದಲೋ ಒಳಗಿನ ಭಾಗ ಹೋಗಿರಬಹುದು. ಅದು ರಿಪೇರಿಯವರ ಕೆಲಸ.

ಹೆಸರು ಬಂದು ಮುಂದೆ ಹೋಗದಿದ್ದರೆ ವಿಂಡೋಸ್ ತನ್ನೊಳಗೇ ಇಟ್ಟುಕೊಂಡಿರುವ ದುರಸ್ತಿ ಕೊಠಡಿಗೆ ಹೋಗಬೇಕು. ಎರಡು ಮೂರು ಬಾರಿ ಏಳಲು ವಿಫಲವಾದರೆ ಯಂತ್ರವೇ ಅಲ್ಲಿಗೆ ಕರೆದೊಯ್ಯುತ್ತದೆ. ಹೋಗದಿದ್ದರೆ, ಚುಕ್ಕೆಗಳು ಸುತ್ತತೊಡಗಿದೊಡನೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸಿ, ಹೀಗೆ ಎರಡು ಮೂರು ಸಲ ಮಾಡಬೇಕು. ಆಗ ನೀಲಿ ಹಿನ್ನೆಲೆಯಲ್ಲಿ ಕೆಲವು ಆಯ್ಕೆಗಳು ಕಾಣುತ್ತವೆ. ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒತ್ತಬೇಕು. ‘ರೀಸೆಟ್ ದಿಸ್ ಪಿಸಿ’ ಎಂಬುದೂ ಅಲ್ಲೇ ಹತ್ತಿರದಲ್ಲಿ ಕೈಗೆ ಸಿಗುವಂತಿರುತ್ತದೆ. ಅದನ್ನು ಮುಟ್ಟಬಾರದು.

ನಮ್ಮ ಕಥೆ ಕಠಿಣವಾದದ್ದು ಇಲ್ಲಿಯೇ. ಮುಂದೆ ಹೋಗುವ ಮುನ್ನ ಯಂತ್ರ 48 ಅಂಕಿಗಳ ಕೀಲಿ ಕೇಳಿತು. ಈಚಿನ ಅನೇಕ ವಿಂಡೋಸ್ ಯಂತ್ರಗಳು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಪ್ರವೇಶಿಸಿದಾಗಲೇ ಡಿಸ್ಕಿಗೆ ತಾವಾಗಿ ಬೀಗ ಹಾಕಿಕೊಳ್ಳುತ್ತವೆ. ಯಂತ್ರ ಕಳುವಾದರೂ ಕಳ್ಳನಿಗೆ ಲೆಕ್ಕ ಸಿಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ದಿನನಿತ್ಯ ಕೀಲಿ ಕೇಳುವುದಿಲ್ಲವಾದ್ದರಿಂದ ಬೀಗವಿದೆಯೆಂದೇ ಮಾಲೀಕನಿಗೆ ತಿಳಿದಿರುವುದಿಲ್ಲ. ಕೀಲಿ ಆ ಖಾತೆಯಲ್ಲಿ ಜಮೆಯಾಗಿರುತ್ತದೆ. ಅದು ಕಳೆದುಹೋದರೆ ಮೈಕ್ರೋಸಾಫ್ಟಿನವರೂ ಇನ್ನೊಂದನ್ನು ಮಾಡಿಕೊಡಲಾರರು. ಡಿಸ್ಕಿನಲ್ಲಿರುವುದು ಇದ್ದೂ ಇಲ್ಲದಂತೆ.

ನಮ್ಮ ಯಂತ್ರದ ಖಾತೆ ಯಾರದು? ಸಂಘದ್ದಲ್ಲ, ನಮ್ಮದಲ್ಲ, ಗುಮಾಸ್ತರದ್ದೂ ಅಲ್ಲ. ಯಂತ್ರ ಕೊಂಡ ದಿನ ಅಂಗಡಿಯ ಹುಡುಗನೊಬ್ಬ ಬಂದು, ಅವಸರಕ್ಕೆ ತನ್ನದೇ ಇ-ಮೇಲ್ ಹಾಕಿ ಜೋಡಿಸಿಕೊಟ್ಟು ಹೋಗಿದ್ದ. ಅಂಗಡಿಗೆ ಫೋನು ಮಾಡಿದರೆ, ಅವನು ಕೆಲಸ ಬಿಟ್ಟು ಬೆಂಗಳೂರು ಸೇರಿ ಎಂಟು ತಿಂಗಳಾಯಿತೆಂದರು. ಸುಮಾರು ಆರುನೂರು ಸದಸ್ಯರ ಲೆಕ್ಕದ ಕೀಲಿ, ಎಲ್ಲಿದ್ದಾನೆಂದು ತಿಳಿಯದ ಒಬ್ಬ ಹುಡುಗನ ಅಂಚೆಪೆಟ್ಟಿಗೆಯಲ್ಲಿ! ಅವನ ನಂಬರು ಸಿಗುವಾಗ ಮಧ್ಯಾಹ್ನ ಮೂರು. ಅವನು ಕೆಲಸ ಮುಗಿಸಿ ಕೋಣೆಗೆ ಹೋಗಿ, ಹಳೆಯ ಪಾಸ್‌ವರ್ಡು ನೆನಪಿಗೆ ತಂದುಕೊಂಡು, ಖಾತೆ ತೆರೆದು ಅಂಕಿಗಳನ್ನು ಓದಿ ಹೇಳುವಾಗ ರಾತ್ರಿ ಎಂಟು ಗಂಟೆ. ಆರಾರರಂತೆ ಎಂಟು ಗುಂಪು. ಗುಮಾಸ್ತರು ಬರೆದುಕೊಂಡರು, ನಾವು ತಿರುಗಿ ಓದಿ ಹೇಳಿದೆವು. ಪರದೆಯ ಮೇಲಿನ ಕೀಲಿ ಗುರುತಿಗೂ ಖಾತೆಯಲ್ಲಿರುವ ಗುರುತಿಗೂ ತಾಳೆ ನೋಡುವುದನ್ನು ಮರೆಯಬಾರದು, ಒಂದೇ ಖಾತೆಯಲ್ಲಿ ನಾಲ್ಕಾರು ಯಂತ್ರಗಳ ಕೀಲಿಗಳಿರಬಹುದು. ಆ ಹುಡುಗನಿಗೆ ಈ ವರ್ಷ ಒಂದು ಕಿಲೋ ಕಾಫಿ ಪುಡಿ ಕಳುಹಿಸಿದ್ದೇವೆ.

ಬೀಗ ತೆರೆದ ಮೇಲೆ ನಾವು ಮೊದಲು ಯಂತ್ರವನ್ನು ಸರಿಪಡಿಸಲಿಲ್ಲ, ಲೆಕ್ಕವನ್ನು ಹೊರತೆಗೆದೆವು. ಇದಕ್ಕೊಂದು ಸುಲಭ ಉಪಾಯವಿದೆ. ಅದೇ ಆಯ್ಕೆಗಳಲ್ಲಿ ‘ಕಮ್ಯಾಂಡ್ ಪ್ರಾಂಪ್ಟ್’ ಒತ್ತಿದರೆ ಕಪ್ಪು ಚೌಕ ಬರುತ್ತದೆ. ಅಲ್ಲಿ ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪು ಮಾಡಿ ಎಂಟರ್ ಒತ್ತಬೇಕು. ತೆರೆದ ಕಿಟಕಿಯಲ್ಲಿ ‘ಫೈಲ್’, ‘ಓಪನ್’ ಎಂದು ಹೋಗಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಡಿಸ್ಕಿನ ಎಲ್ಲ ಕಡತಗಳೂ ಕಾಣುತ್ತವೆ. ಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಪಿ’ ಮಾಡಿ, ಪೆನ್‌ಡ್ರೈವಿನಲ್ಲಿ ‘ಪೇಸ್ಟ್’ ಮಾಡಬಹುದು. ಇಲ್ಲಿ ಸಿ ಡ್ರೈವು ಡಿ ಎಂದು ಕಾಣಿಸಿಕೊಂಡರೆ ಗಾಬರಿ ಬೇಡ. ನಕಲಾಗುತ್ತಿರುವುದು ಪರದೆಯ ಮೇಲೆ ಕಾಣುವುದಿಲ್ಲ, ಸುಮ್ಮನೆ ನಿಂತಂತಿರುತ್ತದೆ. ಮುಗಿದ ಮೇಲೆ ಪೆನ್‌ಡ್ರೈವನ್ನು ಬೇರೆ ಕಂಪ್ಯೂಟರಿಗೆ ಹಾಕಿ ಕಡತಗಳು ತೆರೆಯುತ್ತವೆಯೇ ಎಂದು ನೋಡಿ ಖಚಿತಪಡಿಸಿಕೊಳ್ಳಬೇಕು. ನಮ್ಮ 23 ದಿನಗಳ ಲೆಕ್ಕ ಇಡಿಯಾಗಿ ಬಂದಿತ್ತು. ಆ ರಾತ್ರಿ ಊಟ ರುಚಿಸಿತು.

ಮುಂದಿನದು ಸುಲಭ. ‘ಸ್ಟಾರ್ಟಪ್ ರಿಪೇರ್’ ಮೊದಲು. ನಮ್ಮಲ್ಲಿ ಅದು ಕೈಚೆಲ್ಲಿತು. ಎರಡನೆಯದು ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ತಿಂಗಳ ಅಪ್‌ಡೇಟಾದರೆ ‘ಕ್ವಾಲಿಟಿ’ ಎಂಬುದನ್ನು, ದೊಡ್ಡ ಆವೃತ್ತಿ ಬದಲಾವಣೆಯಾದರೆ ‘ಫೀಚರ್’ ಎಂಬುದನ್ನು ಆರಿಸಬೇಕು. ನಾವು ಮೊದಲಿನದನ್ನು ಒತ್ತಿದೆವು. ಮುಕ್ಕಾಲು ಗಂಟೆಯ ಬಳಿಕ ಯಂತ್ರ ಏನೂ ಆಗಿಲ್ಲವೆಂಬಂತೆ ಎದ್ದು ಪಾಸ್‌ವರ್ಡು ಕೇಳಿತು. ಇದರಿಂದಲೂ ಆಗದಿದ್ದರೆ ‘ಸಿಸ್ಟಂ ರಿಸ್ಟೋರ್’ ಇದೆ, ಹಿಂದಿನ ದಿನಾಂಕದ ಗುರುತು ಉಳಿದಿದ್ದರೆ ಮಾತ್ರ. ಡಿಸ್ಕಿನ ತಪ್ಪುಗಳನ್ನು ಹುಡುಕುವ ಚೆಕ್‌ಡಿಸ್ಕ್, ಅರ್ಧಕ್ಕೆ ನಿಂತ ಅಪ್‌ಡೇಟನ್ನು ರದ್ದು ಮಾಡುವ ಡಿಸ್ಮ್ ಎಂಬ ಆಜ್ಞೆಗಳೂ ಇವೆ. ಒಂದಕ್ಷರ ತಪ್ಪಿದರೂ ಕೆಲಸ ಮಾಡವು, ಬಲ್ಲವರಿಂದಲೇ ಮಾಡಿಸುವುದು ಒಳಿತು.

ಎಲ್ಲ ಸೋತ ಮೇಲೆ ರೀಸೆಟ್. ಅದರಲ್ಲಿ ಎರಡು ಬಗೆ. ‘ಕೀಪ್ ಮೈ ಫೈಲ್ಸ್’ ಎಂದರೆ ಕಡತಗಳು ಉಳಿಯುತ್ತವೆ, ಆದರೆ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ಲೆಕ್ಕದ ತಂತ್ರಾಂಶ ತನ್ನ ದತ್ತಾಂಶವನ್ನು ತನ್ನದೇ ಫೋಲ್ಡರಿನಲ್ಲಿಟ್ಟುಕೊಂಡಿದ್ದರೆ ಅದೂ ಹೋಗಬಹುದು. ‘ರಿಮೂವ್ ಎವೆರಿಥಿಂಗ್’ ಎಂದರೆ ಹೆಸರೇ ಹೇಳುವಂತೆ ಎಲ್ಲವೂ. ರಿಪೇರಿಗೆ ಯಂತ್ರ ಕೊಡುವಾಗ ‘ದತ್ತಾಂಶ ಅಳಿಸಕೂಡದು’ ಎಂದು ಚೀಟಿಯಲ್ಲಿ ಬರೆದು ಅಂಟಿಸಿರಿ. ಬಾಯಿಮಾತು ಅಂಗಡಿಯ ಗದ್ದಲದಲ್ಲಿ ಉಳಿಯುವುದಿಲ್ಲ.

ಇಷ್ಟೆಲ್ಲ ಕೇಳಿ ನಮ್ಮ ನಿರ್ದೇಶಕರೊಬ್ಬರು, “ಅಪ್‌ಡೇಟೇ ಬೇಡ ಮಾರಾಯ್ರೆ, ನಿಲ್ಲಿಸಿಬಿಡಿ” ಎಂದರು. ಅದೂ ಸರಿಯಲ್ಲ. ಕಳ್ಳ ತಂತ್ರಾಂಶಗಳು ನುಗ್ಗುವ ಕಿಂಡಿಗಳನ್ನು ಮುಚ್ಚುವುದೇ ಅಪ್‌ಡೇಟಿನ ಮುಖ್ಯ ಕೆಲಸ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ಅವನ್ನು ಬಿಡುಗಡೆ ಮಾಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒಂದು ವಾರ ತಡೆಹಿಡಿಯುವ ಅನುಕೂಲವಿದೆ, ದೋಷವಿದ್ದರೆ ಅಷ್ಟರಲ್ಲಿ ಬೇರೆಯವರಿಗೆ ತಿಳಿದಿರುತ್ತದೆ. ನಮ್ಮ ಕಚೇರಿಯಲ್ಲಿ ಈಗ ಮೊದಲು ನಕಲು ತೆಗೆದು, ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿ, ಹಗಲು ಹೊತ್ತಿನಲ್ಲಿ, ಗುಮಾಸ್ತರು ಎದುರಿಗೆ ಕುಳಿತಿರುವಾಗಲೇ ಅಪ್‌ಡೇಟು ನಡೆಯುತ್ತದೆ. ಅಂದು ಕೆಟ್ಟಿದ್ದ ಅದೇ ಅಪ್‌ಡೇಟು ಹೀಗೆ ಮಾಡಿದಾಗ ತಕರಾರಿಲ್ಲದೆ ಕೂತಿತು.

ಕೀಲಿಯನ್ನು ಸಂಘದ ಹೆಸರಿನ ಖಾತೆಗೆ ವರ್ಗಾಯಿಸಿ, ಎರಡು ಕಾಗದಗಳಲ್ಲಿ ಮುದ್ರಿಸಿ, ಒಂದನ್ನು ತಿಜೋರಿಯಲ್ಲಿಯೂ ಇನ್ನೊಂದನ್ನು ಅಧ್ಯಕ್ಷರ ಮನೆಯಲ್ಲಿಯೂ ಇರಿಸಿದ್ದೇವೆ. ಸದಸ್ಯರು ತಮ್ಮ ಯಂತ್ರ ಚೆನ್ನಾಗಿರುವಾಗಲೇ ಸೆಟ್ಟಿಂಗ್ಸ್‌ನ ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಹಚ್ಚಿದೆಯೇ ನೋಡಿ, ಹಚ್ಚಿದ್ದರೆ ಯಾರ ಖಾತೆಯೆಂದು ತಿಳಿದುಕೊಳ್ಳಿರಿ. ಮಗ, ಮಗಳು ಅಥವಾ ಅಂಗಡಿಯವರ ಖಾತೆಯಾಗಿದ್ದರೆ ಈ ವಾರವೇ ಫೋನು ಮಾಡಿ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ. ಗೊತ್ತಾಗದವರು ಲ್ಯಾಪ್‌ಟಾಪನ್ನು ಶನಿವಾರ ಬೆಳಿಗ್ಗೆ ಕಚೇರಿಗೆ ತಂದರೆ ನಮ್ಮ ಗುಮಾಸ್ತರು ನೋಡಿಕೊಡುತ್ತಾರೆ. ಚಾರ್ಜರು ಮರೆಯದೆ ತರಬೇಕು.