ಮೊದಲು ಬೆಟ್ಟ, ಆಮೇಲೆ ಕಡಲು

ಮದುವೆಯಾದ ಹೊಸತರಲ್ಲಿ ಬಾಲಿಗೆ ಹೋಗಿಬರುವುದು ಈಗ ನಮ್ಮ ಮನೆಗಳಲ್ಲೂ ಮಾಮೂಲಾಗಿದೆ. ಹೋಗಿ ಬನ್ನಿ, ಬೇಡ ಅನ್ನುವವಳು ನಾನಲ್ಲ. ಆದರೆ ಹೊರಟವರ ಮೊಬೈಲಿನಲ್ಲಿರುವ ಪಟ್ಟಿ ನೋಡಿದರೆ ಎಲ್ಲರದ್ದೂ ಒಂದೇ: ಗದ್ದೆಯ ಮೇಲೆ ಜೀಕುವ ಉಯ್ಯಾಲೆ, ಬೀಚ್ ಕ್ಲಬ್ಬು, ‘ಸ್ವರ್ಗದ ಬಾಗಿಲು’. ಆ ದ್ವೀಪವನ್ನು ಹುಟ್ಟಿಸಿದ ಬೆಂಕಿಬೆಟ್ಟಗಳಿಗೆ ಅದರಲ್ಲಿ ಜಾಗವಿಲ್ಲ. ಇದ್ದರೂ ಫೋಟೋದ ಹಿನ್ನೆಲೆಗಷ್ಟೇ. ಬಾಲಿಯವರು ಮನೆ ಕಟ್ಟುವಾಗ, ದೇವರ ಗುಡಿ ಎಲ್ಲಿರಬೇಕೆಂದು ಗೊತ್ತುಮಾಡುವಾಗ, ಮಲಗುವಾಗ ತಲೆ ಯಾವ ಕಡೆಗೆ ಎಂದು ಯೋಚಿಸುವಾಗಲೂ ಬೆಟ್ಟ ಯಾವ ದಿಕ್ಕಿಗಿದೆ ಎಂದೇ ನೋಡುತ್ತಾರೆ. ನೀವೂ ಬೆಟ್ಟದಿಂದ ಶುರುಮಾಡಿ. ನೀರು ಇಳಿದ ದಾರಿಯಲ್ಲೇ ಇಳಿದು, ಕಡಲನ್ನು ಕೊನೆಗೆ ಮುಟ್ಟಿ.

ಮೊದಲ ಒಂದೆರಡು ರಾತ್ರಿ ಕಿಂತಾಮಣಿಯ ಕಡೆ ಉಳಿದುಕೊಳ್ಳಿ. ಅಲ್ಲಿನ ಏರಿಯ ಮೇಲೆ ನಿಂತರೆ ಸುಮಾರು ಹತ್ತು ಕಿಲೋಮೀಟರ್ ಅಗಲದ ಬೋಗುಣಿ ಕಾಣುತ್ತದೆ. ಸುಮಾರು 29 ಸಾವಿರ ವರ್ಷಗಳ ಹಿಂದೆ, ಮತ್ತೆ ಸುಮಾರು 20 ಸಾವಿರ ವರ್ಷಗಳ ಹಿಂದೆ ಭಾರಿ ಪರ್ವತವೊಂದು ಸ್ಫೋಟಗೊಂಡು ಕುಸಿದುಬಿದ್ದ ಗುಂಡಿ ಅದು. ಅದರೊಳಗೊಂದು ಕೆರೆ, ಕೆರೆಯ ಪಕ್ಕಕ್ಕೆ 1,717 ಮೀಟರ್ ಎತ್ತರದ ಬಾತುರ್ ಬೆಟ್ಟ. ಅದಿನ್ನೂ ಬದುಕಿರುವ ಬೆಟ್ಟ. 1926ರಲ್ಲಿ ಅದರ ಲಾವಾ ಬಾತುರ್ ಎಂಬ ಊರನ್ನೇ ನುಂಗಿತು. ಊರವರು ದೇವರ ಸಮೇತ ಮೇಲಿನ ಏರಿಗೆ ಬಂದು ನೆಲೆಸಿ ಗುಡಿಯನ್ನು ಮತ್ತೆ ಕಟ್ಟಿಕೊಂಡರು. ಸೂರ್ಯೋದಯಕ್ಕೆಂದು ನಡುರಾತ್ರಿ ಎಬ್ಬಿಸಿ, ಟಾರ್ಚ್ ಹಿಡಿಸಿ, ಸಾಲಿನಲ್ಲಿ ಬೆಟ್ಟ ಹತ್ತಿಸುವವರು ಸಿಗುತ್ತಾರೆ. ಆಸೆಯಿದ್ದರೆ ಹತ್ತಿ, ಸ್ವೆಟರ್ ಮರೆಯಬೇಡಿ, ಅಲ್ಲಿ ಚಳಿ. ನನ್ನನ್ನು ಕೇಳಿದರೆ, ಬೆಳಕು ಹರಿದ ಮೇಲೆ ಕೆರೆಯ ಪಕ್ಕದ ಕಪ್ಪು ಲಾವಾದ ಮೇಲೆ ನಡೆಯುವುದೇ ಮೇಲು.

ಆ ಮೇಲಿನ ಗುಡಿಗೆ, ಉಲುನ್ ದನು ಬಾತುರ್‌ಗೆ, ತಪ್ಪದೆ ಹೋಗಿ. ಅಲ್ಲಿರುವವಳು ಕೆರೆಯ ದೇವತೆ. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಇಳಿಸಿ ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದನಲ್ಲ, ಆ ಕೆಲಸವನ್ನು ಬಾಲಿಯಲ್ಲಿ ದೊಡ್ಡ ಅಳತೆಯಲ್ಲಿ ಗುಡಿಗಳೇ ಮಾಡಿಕೊಂಡು ಬಂದಿವೆ. ಒಂದೇ ಕಾಲುವೆಯ ರೈತರೆಲ್ಲ ಸೇರಿ ‘ಸುಬಕ್’ ಎಂಬ ಸಂಘ. ಆ ಸಂಘಗಳನ್ನು ಒಂದಕ್ಕೊಂದು ಹೆಣೆಯುವುದು ನೀರಿನ ಗುಡಿಗಳು. ಯಾವ ಬಯಲಿನವರು ಮೊದಲು ನಾಟಿ ಮಾಡಬೇಕು, ಯಾರು ಗದ್ದೆ ಬೀಳು ಬಿಡಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿಯ ಭತ್ತ ತಂದು, ಬಿಡುವಿಲ್ಲದೆ ಬೆಳೆಯಿರಿ ಎಂದಿತು. ಗುಡಿಯ ಸರದಿ ಬಿಟ್ಟುಹೋಯಿತು. ಒಬ್ಬರ ಗದ್ದೆ ಕೊಯ್ಲಾದರೆ ಪಕ್ಕದವರದ್ದು ಹಸಿರು. ಹುಳಕ್ಕೆ ವರ್ಷವಿಡೀ ಊಟ. ನೀರಿಗೂ ಜಗಳ. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ, ಗುಡಿಗಳ ಹಳೆಯ ಲೆಕ್ಕವೇ ಸರಿಯಾಗಿತ್ತು ಎಂದು ಕಂಪ್ಯೂಟರ್ ಮಾದರಿ ಹಾಕಿ ತೋರಿಸಿದರು. 2012ರಲ್ಲಿ ಯುನೆಸ್ಕೊ ಈ ಸುಬಕ್ ವ್ಯವಸ್ಥೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟು ತಿಳಿದ ಮೇಲೆ ಆ ಮೆಟ್ಟಿಲು ಗದ್ದೆಗಳ ಮೇಲೆ ಉಯ್ಯಾಲೆ ಬೇಕು ಅನ್ನಿಸುವುದಿಲ್ಲ. ಗದ್ದೆ ನೋಡಲು ಜತಿಲುವಿಹ್‌ಗೆ ಹೋಗಿ, ಬದುವಿನ ಮೇಲೆ ನಡೆಯಿರಿ, ಪೈರು ತುಳಿಯಬೇಡಿ.

ಕಿಂತಾಮಣಿಯಿಂದ ದಕ್ಷಿಣಕ್ಕೆ ಇಳಿದರೆ ತಿರ್ತಾ ಎಂಪುಲ್. ಕ್ರಿ.ಶ. 962ರಿಂದ ಇರುವ ಪುಣ್ಯತೀರ್ಥ, ನೆಲದಿಂದ ಬುಗ್ಗೆ ಉಕ್ಕುವುದನ್ನು ಕಣ್ಣಾರೆ ನೋಡಬಹುದು. ಸಾಲಾಗಿರುವ ನೀರಿನ ಬಾಯಿಗಳಿಗೆ ತಲೆಯೊಡ್ಡುವ ಮುನ್ನ ಅಲ್ಲಿಯವರನ್ನು ಕೇಳಿಕೊಳ್ಳಿ. ಅವುಗಳಲ್ಲಿ ಎರಡು ಸತ್ತವರ ಕರ್ಮಕ್ಕೆ ಮೀಸಲು. ನೀರೊಳಗೆ ನಿಂತು ಸೆಲ್ಫಿ ಹಿಡಿಯುವವರ ನಡುವೆ ಕೈಮುಗಿದು ನಿಂತ ಮುದುಕಿಯರೂ ಇರುತ್ತಾರೆ, ಅವರಿಗೆ ದಾರಿ ಬಿಡಿ. ಅಲ್ಲೇ ಹತ್ತಿರ ಗುನುಂಗ್ ಕಾವಿ, ಹನ್ನೊಂದನೆಯ ಶತಮಾನದಲ್ಲಿ ಬಂಡೆಯಲ್ಲೇ ಕಡೆದ ಆಳೆತ್ತರಕ್ಕೂ ಮೀರಿದ ಗುಡಿಗಳು. ಮೆಟ್ಟಿಲು ಬಹಳ. ನಿಮ್ಮ ವಯಸ್ಸಿಗೆ ಅದೇನು ದೊಡ್ಡದು!

ಪೂರ್ವಕ್ಕೆ ಅಗುಂಗ್, ದ್ವೀಪದ ಹಿರಿಯ ಬೆಟ್ಟ, ಮೂರು ಸಾವಿರ ಮೀಟರ್ ದಾಟಿದ್ದು. 1963ರಲ್ಲಿ, ಅದರ ಮಡಿಲಿನ ಬೆಸಾಕಿಹ್ ದೇವಾಲಯದಲ್ಲಿ ನೂರು ವರ್ಷಕ್ಕೊಮ್ಮೆ ನಡೆಯುವ ಮಹಾಪೂಜೆಗೆ ಸಿದ್ಧತೆ ನಡೆದಿದ್ದಾಗಲೇ ಅದು ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾವಾ ಮಾತ್ರ ದೇವಾಲಯದ ಪಕ್ಕದಲ್ಲೇ ಹಾದುಹೋಯಿತು. ಅದೇ ಸ್ಫೋಟದ ಕಂಪನ ತುಲಂಬೆನ್ ತೀರದಲ್ಲಿ ಬಿದ್ದಿದ್ದ ಹಡಗೊಂದನ್ನು ಕಡಲಿಗೆ ನೂಕಿತು. 1942ರಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟು ತಿಂದ ಅಮೆರಿಕದ ಸರಕು ಹಡಗು ಲಿಬರ್ಟಿ ಅದು. ಈಗ ಹವಳ ಬೆಳೆದು ಮೀನುಗಳ ಮನೆ. ದಡದಿಂದಲೇ ಈಜಿ ನೋಡಬಹುದು. ಅಲ್ಲಿಯ ದಡದ ಕಲ್ಲು, ಮರಳು ಕಪ್ಪಗಿರುವುದನ್ನು ನೋಡಿ ಮೂಗು ಮುರಿಯಬೇಡಿ, ಅದು ಅಗುಂಗ್ ಕೊಟ್ಟದ್ದು.

ಆ ‘ಸ್ವರ್ಗದ ಬಾಗಿಲಿ’ನ ಗುಟ್ಟನ್ನೂ ಹೇಳಿಬಿಡುತ್ತೇನೆ. ಫೋಟೋದಲ್ಲಿ ಬಾಗಿಲ ನೆರಳು ಬಿದ್ದಂತೆ ಕಾಣುವ ಕೆರೆ ಲೆಂಪುಯಾಂಗ್ ಗುಡಿಯ ಆ ಬಾಗಿಲ ಮುಂದೆ ಇಲ್ಲವೇ ಇಲ್ಲ. ಫೋಟೋ ತೆಗೆಯುವವನು ಮೊಬೈಲಿನ ಕೆಳಗೆ ಕನ್ನಡಿ ಹಿಡಿಯುತ್ತಾನೆ, ಅಷ್ಟೇ. ಅದಕ್ಕಾಗಿ ಗಂಟೆಗಟ್ಟಲೆ ಸಾಲು. ಸಾಲು ಬಿಟ್ಟು ಬದಿಯಲ್ಲಿ ನಿಂತು ನೋಡಿ, ಮೋಡವಿಲ್ಲದಿದ್ದರೆ ಅಗುಂಗ್ ಪುಕ್ಕಟೆ ಕಾಣುತ್ತದೆ.

ಇನ್ನು ಚಿಲ್ಲರೆ ಮಾತುಗಳು. ಅಂತರರಾಷ್ಟ್ರೀಯ ಪರವಾನಗಿ, ಹೆಲ್ಮೆಟ್ಟು, ವಿಮೆ ಇಲ್ಲದೆ ಸ್ಕೂಟರ್ ಮುಟ್ಟಬೇಡಿ. ಪುನುಗು ಬೆಕ್ಕನ್ನು ಪಂಜರದಲ್ಲಿಟ್ಟು ಮಾಡಿದ ಕಾಫಿಗೆ ದುಡ್ಡು ಸುರಿಯಬೇಡಿ. ಕೊಡಗಿನ ಕಾಫಿ ಕುಡಿದವರಿಗೆ ಅದರ ಗರಜೂ ಇಲ್ಲ. ಬಾಗಿಲ ಮುಂದೆ ಇಟ್ಟ ಹೂವಿನ ಪುಟ್ಟ ಬುಟ್ಟಿ ದೇವರಿಗೆ ಕೊಟ್ಟದ್ದು, ದಾಟದೆ ಸುತ್ತಿಹೋಗಿ. ಪಕ್ಕದ ದ್ವೀಪ ನುಸಾ ಪೆನಿಡಾಕ್ಕೆ ಹೋದರೆ ಅಲ್ಲಿನ ಕೆಲಿಂಗ್‌ಕಿಂಗ್ ತೀರವನ್ನು ಮೇಲಿಂದ ನೋಡಿದರೆ ಸಾಕು, ಅಲ್ಲಿಯ ಅಲೆ ಈಜುವವರನ್ನು ಎಳೆದೊಯ್ಯುತ್ತದೆ. 2017ರ ನವೆಂಬರಿನಲ್ಲಿ ಅಗುಂಗ್ ಬೂದಿ ಉಗುಳಿದಾಗ ವಿಮಾನ ನಿಲ್ದಾಣ ಮುಚ್ಚಿ ಸಾವಿರಾರು ಪ್ರವಾಸಿಗರು ಅಲ್ಲೇ ಉಳಿದರು. ಕೈಯಲ್ಲಿ ನಾಲ್ಕು ದಿನದ ರಜೆ, ನಾಲ್ಕು ಕಾಸು ಹೆಚ್ಚಿಗೆ ಇರಲಿ.

ಕೊನೆಗೊಂದು. ಬಾಲಿಯವರ ಹೊಸ ವರ್ಷವೂ ನಮ್ಮ ಹಾಗೆ ಶಕವರ್ಷದ್ದೇ, ಅಮಾವಾಸ್ಯೆಯ ಮರುದಿನ. ಬಹಳ ವರ್ಷ ಅದು ಯುಗಾದಿಯ ಆಸುಪಾಸಿಗೇ ಬೀಳುತ್ತದೆ. ಆದರೆ ಅಲ್ಲಿ ಹೋಳಿಗೆ, ಎಣ್ಣೆನೀರು ಇಲ್ಲ. ನ್ಯೆಪಿ ಎಂಬ ಮೌನದ ದಿನ. ದೀಪವಿಲ್ಲ, ಒಲೆಯಿಲ್ಲ, ಬೀದಿಗೆ ಕಾಲಿಡುವಂತಿಲ್ಲ. ಪ್ರವಾಸಿಗರೂ ಹೋಟೆಲಿನೊಳಗೇ ಇರಬೇಕು, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಆದ್ದರಿಂದ ಯುಗಾದಿ ರಜೆಗೆ ಹೊರಡುವುದಾದರೆ ಟಿಕೆಟ್ ತೆಗೆಸುವ ಮುನ್ನ ನ್ಯೆಪಿ ಯಾವತ್ತು ಎಂದು ನೋಡಿಕೊಳ್ಳಿ.