ಮಗುವಿನ ತೂಕಕ್ಕೆ ಯಾವ ಪಟ್ಟಿ ಸರಿ?



ಅಂಗನವಾಡಿಯಲ್ಲಿ ಪ್ರತಿ ತಿಂಗಳು ಮಗುವಿನ ತೂಕ ನೋಡಿ ಬೆಳವಣಿಗೆ ಪಟ್ಟಿಯಲ್ಲಿ, ಅಂದರೆ ಗ್ರೋತ್ ಚಾರ್ಟಿನಲ್ಲಿ, ಚುಕ್ಕಿ ಇಡುತ್ತಾರೆ. ಸೇರು ಸರಿಯಿಲ್ಲದಿದ್ದರೆ ಅಕ್ಕಿಯ ಲೆಕ್ಕ ತಪ್ಪುತ್ತದೆ. ಹಾಗೆಯೇ ಪಟ್ಟಿ ಸರಿಯಿಲ್ಲದಿದ್ದರೆ ಮಗುವಿನ ಲೆಕ್ಕವೂ ತಪ್ಪುತ್ತದೆ.

ಹಳೆಯ ಪಟ್ಟಿಯ ತೊಂದರೆ

ಹಿಂದೆ ಅನೇಕ ಬಡ ದೇಶಗಳಲ್ಲಿ ಅಮೆರಿಕದ ಮಕ್ಕಳ ತೂಕದಿಂದ 1977ರಲ್ಲಿ ತಯಾರಾದ ಪಟ್ಟಿ ಬಳಕೆಯಲ್ಲಿತ್ತು. ಆ ಶಿಶುಗಳಲ್ಲಿ ಹೆಚ್ಚಿನವರು ಬಾಟ್ಲಿ ಹಾಲು ಕುಡಿದವರು. ಎದೆಹಾಲು ಕುಡಿಯುವ ಮಗು ಮೊದಲ ಎರಡು-ಮೂರು ತಿಂಗಳು ಬೇಗ ತೂಕ ಹಾಕಿಕೊಂಡು, ಆಮೇಲೆ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ. ಇದು ಸಹಜ. ಆದರೆ ಆ ಪಟ್ಟಿಯಲ್ಲಿ ಇಂಥ ಮಗು ಹಿಂದೆ ಬಿದ್ದಂತೆ ಕಾಣುತ್ತಿತ್ತು. “ಎದೆಹಾಲು ಸಾಕಾಗಲ್ಲ, ಬಾಟ್ಲಿ ಕೊಡಿ” ಎಂಬ ತಪ್ಪು ಸಲಹೆಗೆ ಇದು ದಾರಿಯಾಗುತ್ತಿತ್ತು. ಶುದ್ಧ ನೀರಿಲ್ಲದ ಮನೆಯಲ್ಲಿ ಬಾಟ್ಲಿಯಿಂದ ಭೇದಿ ಬರುತ್ತದೆ, ಜೀವಕ್ಕೇ ಅಪಾಯ.

ಹೊಸ ಪಟ್ಟಿ

ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಭಾರತ, ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಹೀಗೆ ಆರು ದೇಶಗಳ ಸುಮಾರು 8,500 ಮಕ್ಕಳ ಬೆಳವಣಿಗೆಯನ್ನು ಅಳೆಯಿತು. ಇವರೆಲ್ಲ ಎದೆಹಾಲು ಕುಡಿದು, ಒಳ್ಳೆಯ ಆರೈಕೆಯಲ್ಲಿ ಬೆಳೆದವರು. ಆರೈಕೆ ಚೆನ್ನಾಗಿದ್ದರೆ ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆಂದು ಇದರಿಂದ ತಿಳಿಯಿತು. “ನಮ್ಮ ಕಡೆಯ ಮಕ್ಕಳು ಸಣ್ಣಗೇ ಇರೋದು” ಎಂದು ಸುಮ್ಮನಿರುವಂತಿಲ್ಲ! 2006ರಲ್ಲಿ ಹೊರಬಂದ ಈ ಪಟ್ಟಿಯನ್ನು 2008ರಲ್ಲಿ ನಮ್ಮ ದೇಶದ ಅಂಗನವಾಡಿಗಳಿಗೂ ಒಪ್ಪಿಕೊಳ್ಳಲಾಯಿತು.

ನಾವು ಗಮನಿಸಬೇಕಾದದ್ದು

1. ಗಂಡಿಗೂ ಹೆಣ್ಣಿಗೂ ಪಟ್ಟಿ ಬೇರೆ ಬೇರೆ. ಒಂದು ವರ್ಷ ತುಂಬಿದ ಮಗು 7.3 ಕಿಲೋ ಇದೆ ಅನ್ನಿ. ಹೆಣ್ಣಾದರೆ ಚುಕ್ಕಿ ಹಸಿರು ಭಾಗದಲ್ಲಿ ಬೀಳುತ್ತದೆ. ಗಂಡಾದರೆ ಹಳದಿಯಲ್ಲಿ, ಅಂದರೆ ತೂಕ ಕಡಿಮೆ. ಪಟ್ಟಿ ಅದಲುಬದಲಾದರೆ ಆ ಗಂಡುಮಗುವಿನ ಕೊರತೆ ಗೊತ್ತೇ ಆಗುವುದಿಲ್ಲ.

2. ವಯಸ್ಸನ್ನು ಅಂದಾಜಿನಲ್ಲಿ ಹೇಳಬೇಡಿ. ಹುಟ್ಟಿದ ತಾರೀಕು ಇರುವ ತಾಯಿ ಕಾರ್ಡ್ ಒಯ್ಯಿರಿ.

3. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ. ದಪ್ಪ ಬಟ್ಟೆ ತೆಗೆದು ತೂಗಿಸಿ.

4. ಒಂದು ಚುಕ್ಕಿ ನೋಡಿ ತೀರ್ಮಾನ ಬೇಡ. ಚುಕ್ಕಿಗಳನ್ನು ಸೇರಿಸುವ ಗೆರೆ ಮೇಲೇರಬೇಕು. ಹಸಿರಿನಲ್ಲಿದ್ದರೂ ಗೆರೆ ಮಲಗಿದರೆ ಅಥವಾ ಇಳಿದರೆ ಕಾರ್ಯಕರ್ತೆಯೊಡನೆ ಮಾತಾಡಿ.

5. ಚುಕ್ಕಿ ಹಳದಿಗಿಂತ ಕೆಳಗಿದ್ದರೆ, ಅಥವಾ ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.

ಸಂಘದಲ್ಲಿ ಚರ್ಚಿಸೋಣ

• ನಮ್ಮ ಸದಸ್ಯೆಯರ ಮನೆಗಳಲ್ಲಿ ಐದು ವರ್ಷದೊಳಗಿನ ಮಕ್ಕಳು ಎಷ್ಟು? ಈ ತಿಂಗಳು ಎಲ್ಲರ ತೂಕ ಆಗಿದೆಯೇ?
• ಯಾವ ಮಗುವಿನ ಗೆರೆ ಇಳಿದಿದೆ? ಆ ತಾಯಿಗೆ ಸಂಘದಿಂದ ಏನು ಸಹಾಯ ಮಾಡಬಹುದು?